ಬೀಗರ ಮುಂದೆ ಮಾನ ಉಳಿಸಿದ ಕಂಪ್ಯೂಟರಿನ ಮೇಲೊಂದು ದೂರು

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
೧೯೯೮ರ ಮೇ ತಿಂಗಳು, ಭಾನುವಾರ ಬೆಳಗ್ಗೆ

ನಮ್ಮ ಅಂಗಡಿಯ ಮೂಲೆಯಲ್ಲಿ ಹಳೇ ಸೀರೆಯ ತುಂಡು ಹೊದ್ದು ವಿರಾಜಮಾನರಾಗಿರುವ ಶ್ರೀಮಾನ್ ಫೋರ್ ಏಯ್ಟಿ ಸಿಕ್ಸ್ ಕಂಪ್ಯೂಟರ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮಾನಿಟರಿಗೂ ಕೀಬೋರ್ಡಿಗೂ, ಎರಡು ಸಲ ತಟ್ಟಿದರೆ ಮಾತ್ರ ತಿರುಗುವ ತಮ್ಮ ಫ್ಯಾನಿಗೂ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸಿಯೇ ಈ ಪತ್ರ ಬರೆಯುತ್ತಿದ್ದೇನೆ. ನಿಜವಾಗಿ ಕ್ಷೇಮವೋ ಅಲ್ಲವೋ ಎಂದು ಗುಂಡಿ ಒತ್ತಿ ನೋಡೋಣವೆಂದರೆ, ತಾವು ಎದ್ದು ಕಣ್ಣು ಬಿಡುವಷ್ಟರಲ್ಲಿ ನನ್ನ ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿದು ಹೋಗಿರುತ್ತದೆ. ನಾನು ಚಿಕ್ಕಮುನಿಯಪ್ಪ, ಹಿಂದೊಮ್ಮೆ ಟೈಪಿಂಗ್ ಮೇಷ್ಟ್ರು, ಈಗ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಕಂಪ್ಯೂಟರ್ ಜಾತಕ ಬರೆದುಕೊಡುವವನು, ಹೆಸರಿಗೆ ಮಾತ್ರ ತಮ್ಮ ಯಜಮಾನ.

ತಮ್ಮನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದು, ರೈಲಿನಲ್ಲಿ ಬಂಗಾರಪೇಟೆಯವರೆಗೆ ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದದ್ದು ಜಾತಕ ಬರೆಯುವುದಕ್ಕೆಂದೇ ಹೊರತು ಆಟಕ್ಕಲ್ಲ. ಆದರೆ ತಮಗೆ ಗ್ರಹಗತಿಗಳಲ್ಲಿ ಆಸಕ್ತಿ ಇರಲಿಲ್ಲ. ಲಗ್ನ ಗುಣಿಸು ಎಂದರೆ ಬಿಕ್ಕಳಿಸುತ್ತಿದ್ದ ತಾವು ಕಾರು ಓಡಿಸು, ವಿಮಾನ ಹಾರಿಸು ಎಂದರೆ ಮಾತ್ರ ಎದ್ದು ಕೂರುತ್ತಿದ್ದಿರಿ. ಹೀಗಾಗಿ ಜಾತಕದ ಅಂಗಡಿ ಮೆಲ್ಲಗೆ ಆಟದ ಅಂಗಡಿಯಾಯಿತು, ಮದುವೆ ಮುಹೂರ್ತ ಕೇಳಲು ಬಂದವರು ಕಾರು ಗುದ್ದಿಸಿಕೊಂಡು ಹೋಗತೊಡಗಿದರು, ಮತ್ತು ಸತ್ಯವಾಗಿ ಹೇಳುವುದಾದರೆ ಎಲ್ಲರಿಗಿಂತ ಹೆಚ್ಚು ಗುದ್ದಿಸಿದವನು ನಾನೇ. ತಮ್ಮ ಬಗ್ಗೆ ನನಗೆ ಆಗ ಇದ್ದ ಹೆಮ್ಮೆ ಎಂಥದ್ದೆಂದರೆ, ನನ್ನ ಬುದ್ಧಿಯನ್ನು ಎಕ್ಕಡ ತೆಗೆದುಕೊಂಡು ಹೊಡೆಯಬೇಕು.

ಆ ಹೆಮ್ಮೆಯೇ ಬಾಯಿಗೆ ಬಂದದ್ದು ಮಗಳು ಮುನಿರತ್ನಳ ಮದುವೆಯ ದಿನ, ಬಂಗಾರಪೇಟೆಯ ಛತ್ರದಲ್ಲಿ. ಬೀಗರಾದ ಕ್ಯಾಸಂಬಳ್ಳಿಯ ದೊಡ್ಡವೆಂಕಟಪ್ಪನವರು ಹಾಲಿನ ಡೇರಿಯ ಅಧ್ಯಕ್ಷರು, ಹತ್ತು ಹಳ್ಳಿಯ ಎಮ್ಮೆಗಳೂ ಹೆದರುವಂಥ ಗಂಟಲಿನವರು. ಬೆಂಗಳೂರಿನಲ್ಲಿ ಅವರ ಅಣ್ಣನ ಮಗ ಹೊಸ ಪೆಂಟಿಯಂ ತಂದಿದ್ದಾನೆ, ಅದರಲ್ಲಿ ಕೋಟೆಯೊಳಗೆ ನುಗ್ಗಿ ರಾಕ್ಷಸರನ್ನು ಕಡಿಯುವ ಹೊಸ ಆಟವೊಂದು ಬಂದಿದೆ, ಅದು ಹಳೇ ಮಿಷನ್ನುಗಳಲ್ಲಿ ಅಲುಗುವುದೂ ಇಲ್ಲವಂತೆ ಎಂದು ಅವರು ಪಂಕ್ತಿಯ ನಡುವೆ ಹೇಳಿದಾಗ, ನನ್ನ ಪಾಡಿಗೆ ಪಾಯಸ ಕುಡಿಯುವುದು ಬಿಟ್ಟು ನಾನು, ನಮ್ಮದರಲ್ಲಿ ಯಾಕೆ ನಡೆಯದು, ಬೀಗರೂಟಕ್ಕೆ ಬಂದಾಗ ನೋಡುವಿರಂತೆ ಎಂದುಬಿಟ್ಟೆ. ಅವರು ಎಲೆಯಿಂದ ತಲೆ ಎತ್ತಿದರು. “ನಿಮ್ಮ ಮುದಿ ಡಬ್ಬ ಅದನ್ನ ಎಳೀತದಾ ಬೀಗ್ರೇ? ಆಗ್ಲಿ. ಎಳೀಲಿಲ್ಲ ಅಂದ್ರೆ ಉಡ್ಗೀನ ಆಷಾಡಕ್ಕೂ ಕಳ್ಸಲ್ಲ, ಗೌರಿ ಅಬ್ಬಕ್ಕೂ ಕಳ್ಸಲ್ಲ.” ಪಂಕ್ತಿಯೆಲ್ಲ ನಕ್ಕಿತು. ಅದು ತಮಾಷೆಯೇ ಇರಬಹುದು, ಆದರೆ ನಮ್ಮ ಕಡೆ ಬೀಗರು ಹತ್ತು ಜನರ ಮುಂದೆ ಆಡಿದ ತಮಾಷೆ ಕೋರ್ಟಿನ ತೀರ್ಪಿಗಿಂತ ಗಟ್ಟಿ, ಮತ್ತು ಹೊಸ ಮದುವಣಗಿತ್ತಿ ಮೊದಲ ಆಷಾಢಕ್ಕೆ ತವರಿಗೆ ಬರಲಿಲ್ಲವೆಂದರೆ ಬೀದಿಯ ಹೆಂಗಸರು ಕಾರಣವನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. ನನ್ನ ಹೆಂಡತಿ ಆದಿಲಕ್ಷ್ಮಮ್ಮ ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ಸಾರು ಬಡಿಸುವಾಗ ಸೌಟೇ ಮಾತಾಡುತ್ತಿತ್ತು.

ಬೆಂಗಳೂರಿನಿಂದ ತರಿಸಿದ ಆ ಆಟದ ಡಬ್ಬಿಯ ಬೆನ್ನ ಮೇಲೆ ಏನೇನು ಇರತಕ್ಕದ್ದು ಎಂದು ಬರೆದಿತ್ತೋ ಅದರಲ್ಲಿ ತಮ್ಮ ಬಳಿ ಇದ್ದದ್ದು ಕರೆಂಟ್ ವೈರು ಒಂದೇ. ರಿಪೇರಿಯ ಕುಪ್ಪುಸ್ವಾಮಿಯನ್ನು ಕರೆಸಿದೆ. ಅವನು ತಮ್ಮ ಮುಚ್ಚಳ ತೆಗೆದು ಒಳಗೆ ಊದಿ, ಸತ್ತ ಹಲ್ಲಿಯೊಂದನ್ನು ಹೊರಗಿಟ್ಟು, ತಮಿಳಿನಲ್ಲಿ ‘ಪಾವಂ’ ಎಂದು ಮರುಗಿ, ಒಳಗಿರುವುದನ್ನೆಲ್ಲ ಖಾಲಿ ಮಾಡಿದರೆ ಆಟ ಒಳಗೇನೋ ಹೋದೀತು, ಓಡುವುದು ಮಾತ್ರ ಕೋಲಾರಮ್ಮನ ಇಚ್ಛೆ ಎಂದ. ಸರಿ, ಆಂಡರ್ಸನ್‌ಪೇಟೆಯ ಅರ್ಧ ಜನರ ಜಾತಕಗಳನ್ನು ರಾಹು, ಕೇತು, ಸಾಡೇಸಾತಿ ಶನಿ ಸಮೇತ ಅಳಿಸಿ ಹಾಕಿದೆ. ಅಷ್ಟೂ ಗ್ರಹಗಳು ಒಟ್ಟಿಗೇ ಊರು ಬಿಟ್ಟರೂ ಯಾರಿಗೂ ಏನೂ ಆಗಲಿಲ್ಲವೆಂಬ ಸಂಗತಿ ನನ್ನ ಕಸುಬಿಗೆ ಅಷ್ಟು ಒಳ್ಳೆಯದಲ್ಲವಾದ್ದರಿಂದ ದಯವಿಟ್ಟು ತಮ್ಮಲ್ಲೇ ಇರಲಿ.

ಬೀಗರೂಟದ ಬೆಳಗ್ಗೆ ಆದಿಲಕ್ಷ್ಮಮ್ಮ ನನ್ನ ಮೇಲಿನ ನಂಬಿಕೆ ಪೂರ್ತಿ ಬಿಟ್ಟು ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಂಡಳು. ಕರು ಹಾಕಿದ ಹಸುವಿಗೆ ತೆಗೆಯುವಂತೆ ತಮಗೆ ಉಪ್ಪು ಮೆಣಸಿನಕಾಯಿಯ ದೃಷ್ಟಿ ತೆಗೆದಳು. ಆ ಹೊಗೆಯನ್ನೆಲ್ಲ ತಾವು ಫ್ಯಾನಿನಿಂದ ಒಳಗೆಳೆದುಕೊಂಡು ಹಿಂದಿನಿಂದ ನಮ್ಮ ಮುಖಕ್ಕೇ ಬಿಟ್ಟಿರಿ. ಅಷ್ಟಕ್ಕೆ ನಿಲ್ಲದೆ ತಮ್ಮ ಗಾಜಿನ ನಟ್ಟನಡುವೆ ಕಾಸಗಲ ಕುಂಕುಮ ಇಟ್ಟು, ಯಾರಾದರೂ ಒರೆಸಿದರೆ ಕೈ ಮುರಿಯುತ್ತೇನೆ ಎಂದಳು. ಯಾರೂ ಒರೆಸಲಿಲ್ಲ.

ಮಾನ್ಯರೇ, ಆ ಮಧ್ಯಾಹ್ನ ತಾವು ತೋರಿದ ಸಾಹಸವನ್ನು ಯಾವ ಬಾಯಲ್ಲಿ ಹೊಗಳಲಿ! ಆಟ ಶುರುವಾಗಲಿ ಎಂದು ನಾನು ಗುಂಡಿ ಒತ್ತಿದಾಗ ಒಲೆಯ ಮೇಲೆ ಮಟನ್ ಸಾರು ಇನ್ನೂ ಕುದಿ ಹಿಡಿದಿರಲಿಲ್ಲ. ಕೋಟೆಯ ಬಾಗಿಲು ಕಂಡಾಗ ಮುದ್ದೆ ಕಟ್ಟಿ ಆಗಿತ್ತು. ರಾಕ್ಷಸ ಬಂದ. ಬಂದ ಎನ್ನುವುದಕ್ಕಿಂತ, ಬರುವ ಮನಸ್ಸು ಮಾಡಿದ. ಒಂದು ಕಾಲು ಎತ್ತಿದವನು ಅದನ್ನು ಎಲ್ಲಿ ಇಡುವುದೆಂದು ಯೋಚಿಸುತ್ತ ನಿಂತ. ಬೀಗರ ಕಡೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೋ ಕೆಮ್ಮಿದರು, ಮತ್ತು ಬಾಗಿಲ ಮರೆಯಲ್ಲಿ ಹಸಿರು ರೇಷ್ಮೆ ಸೀರೆಯಲ್ಲಿ ನಿಂತಿದ್ದ ನನ್ನ ಮಗಳು ತಲೆ ತಗ್ಗಿಸಿದಳು. ಅವಳು ಹುಟ್ಟಿದ ಮೇಲೆ ನನ್ನ ದೆಸೆಯಿಂದ ತಲೆ ತಗ್ಗಿಸಿದ್ದು ಅದೇ ಮೊದಲು.

ಆಗ ದೊಡ್ಡವೆಂಕಟಪ್ಪನವರು ಬಂದು ತಮ್ಮ ಮುಂದಿನ ಕುರ್ಚಿಯಲ್ಲಿ ಕೂತು, ಜೇಬಿನಿಂದ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ರಾಕ್ಷಸ ಕತ್ತಿ ಎತ್ತಿದ. ಆ ಕತ್ತಿ ಇಳಿಯುವಷ್ಟರಲ್ಲಿ ಬೀಗರು ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡು, ಸುಣ್ಣದ ಬೆರಳನ್ನು ಒರೆಸಿಕೊಂಡು, ಅವನ ಹಣೆ ಸರಿಯಾಗಿ ಕುಂಕುಮದ ಬೊಟ್ಟಿನ ಕೆಳಗೆ ಬರುವವರೆಗೂ ಕಾದು, ಗುಂಡಿ ಒತ್ತಿದರು. ರಾಕ್ಷಸ ಬಿದ್ದ, ಬೀಳುವುದಕ್ಕೂ ಅವನು ಸಾಕಷ್ಟು ಹೊತ್ತು ತೆಗೆದುಕೊಂಡ. ಬೀಗರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನಮ್ಮಣ್ಣನ್ ಮಗನ ಮಿಷನ್ನಾಗೆ ನಾನು ಕನ್ನಡ್ಕ ಆಕ್ಕೊಳ್ಳಾಷ್ಟ್ರಲ್ಲಿ ಸಾಯಿಸ್ಬುಡ್ತಿತ್ತು, ಉಡುಗ್ರೆಲ್ಲ ನಗೋರು. ಇದು ದೊಡ್ಡೋರ್ಗೆ ಮರ್ಯಾದೆ ಕೊಡೋ ಮಿಷನ್ನು ಬೀಗ್ರೇ. ಸಂದಾಗೈತೆ.”

ಹೀಗೆ ಪಂದ್ಯವನ್ನು ನಾನು ಗೆದ್ದೆ, ಮತ್ತು ನನ್ನ ದೂರು ಶುರುವಾಗುವುದು ಇಲ್ಲಿಂದಲೇ. ಬೀಗರೂಟದಲ್ಲಿ ಉಪ್ಪು ಹೆಚ್ಚು, ಖಾರ ಕಮ್ಮಿ, ತುಂಡು ಬೇಯಲಿಲ್ಲ ಎಂದು ತಪ್ಪು ಹುಡುಕುವುದು ಬೀಗರ ಹಕ್ಕು. ಅವರು ಅದನ್ನೆಲ್ಲ ಮರೆತು, ಎದುರಿಗೆ ತಂದಿಟ್ಟ ತಟ್ಟೆಯನ್ನು ನೋಡದೆಯೇ ಉಂಡದ್ದಕ್ಕೆ ಆದಿಲಕ್ಷ್ಮಮ್ಮನಿಗೆ ಇವತ್ತಿಗೂ ಅಸಮಾಧಾನವಿದೆ. ಅಂದಿನಿಂದ ಪ್ರತಿ ಭಾನುವಾರ ಅವರು ಮೊಪೆಡ್ಡಿನಲ್ಲಿ ಹಾಜರು. ನನ್ನ ಗಿರಾಕಿಗಳು ಹೊಸಿಲ ಹೊರಗೆ ನಿಲ್ಲುತ್ತಾರೆ. ನನ್ನ ಕುರ್ಚಿ ಅವರದು, ನನ್ನ ಟೇಬಲ್ ಫ್ಯಾನು ಅವರದು, ನನ್ನ ಎಲೆ ಅಡಿಕೆ ತಟ್ಟೆಯೂ ಅವರದು. ಭಾನುವಾರ ಕಾರಿನ ಆಟ ಆಡಿ ಎಷ್ಟು ಕಾಲವಾಯಿತೆಂದು ನನಗೇ ಮರೆತುಹೋಗಿದೆ. ಡೇರಿಯಲ್ಲಿ ಹಾಲು ಒಡೆದರೂ ಈ ಮನುಷ್ಯ ಏಳುವುದಿಲ್ಲ.

ಆದರೆ ಆ ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ, ಹಾಲಿನ ಕ್ಯಾನು ಹಿಡಿದುಕೊಂಡು, ರತ್ನ ಬರುತ್ತಾಳೆ. ಬೆಳಗ್ಗೆ ಬಂದವಳು ದೀಪ ಹಚ್ಚುವ ಹೊತ್ತಿಗೆ ಹೋಗುತ್ತಾಳೆ. ಅಷ್ಟು ಹೊತ್ತೂ ತಾಯಿ ಮಗಳು ಅಡುಗೆಮನೆಯಲ್ಲಿ ಅದೇನು ನಗುತ್ತಾರೋ, ಅದೇನು ಅಳುತ್ತಾರೋ; ನನ್ನ ಹೆಂಡತಿ ನನ್ನೊಡನೆ ಮತ್ತೆ ಮಾತಾಡುತ್ತಿದ್ದಾಳೆ. ಆಷಾಢಕ್ಕೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಸಿಗುತ್ತಾಳೋ ಇಲ್ಲವೋ ಎಂದುಕೊಂಡಿದ್ದ ಮಗಳು ವಾರವಾರ ಸಿಗುತ್ತಿದ್ದಾಳೆ, ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಬೀದಿಯವರು ಇದೆಂಥ ಸಂಪ್ರದಾಯ ಎಂದು ಮೂಗೆಳೆಯುತ್ತಾರೆ, ಎಳೆದುಕೊಳ್ಳಲಿ.

ಆದ್ದರಿಂದ ತಮ್ಮಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಕಳೆದ ವಾರ ಬೀಗರು ಕೋಟೆಯ ಕೊನೆಯ ಬಾಗಿಲಿನವರೆಗೆ ಬಂದಿದ್ದಾರೆ. ಅದರೊಳಗೆ ರಾಕ್ಷಸರ ರಾಜನಿದ್ದಾನೆ, ಅವನನ್ನು ಕಡಿದರೆ ಆಟ ಮುಗಿಯಿತು, ಗೆದ್ದ ಆಟಕ್ಕಾಗಿ ಯಾವ ಬೀಗರು ಕ್ಯಾಸಂಬಳ್ಳಿಯಿಂದ ಪೆಟ್ರೋಲ್ ಸುಟ್ಟುಕೊಂಡು ಬರುತ್ತಾರೆ? ಕಾರಿನ ಆಟದಲ್ಲಿ ನಾನು ದಾಖಲೆ ಮುರಿಯುವ ಹೊತ್ತಿಗೆಲ್ಲ ತಾವು ಉಸಿರು ಕಟ್ಟಿ ಕಲ್ಲಾಗಿ ನಿಂತಿದ್ದೀರಿ; ಆಗೆಲ್ಲ ತಮ್ಮನ್ನು ಬಾಯಿಗೆ ಬಂದಂತೆ ಬೈದಿದ್ದೇನೆ, ಅದಷ್ಟೂ ವಾಪಸ್ಸು. ಇವತ್ತು ಆ ಬಾಗಿಲ ಬಳಿ ಒಂದು ಸಲ ಹಾಗೆಯೇ ನಿಂತುಬಿಡಿ. ಸಾಧ್ಯವಾದರೆ ಪ್ರತಿ ಭಾನುವಾರವೂ ನಿಲ್ಲಿ. ಸೋಮವಾರದಿಂದ ಶನಿವಾರದವರೆಗೆ ತಮಗೆ ಪೂರ್ಣ ವಿಶ್ರಾಂತಿ, ಆಯುಧಪೂಜೆಗೆ ಬೂದುಗುಂಬಳಕಾಯಿ, ಮತ್ತು ಒಳಗಿನ ಹಲ್ಲಿಗಳಿಗೆ ಶಾಶ್ವತ ಹಕ್ಕುಪತ್ರ. ಅಗೋ, ಮೊಪೆಡ್ಡಿನ ಸದ್ದು ಕೇಳಿಸುತ್ತಿದೆ.

ತಮ್ಮ ನಿಧಾನವನ್ನೇ ನಂಬಿ ಕೂತಿರುವ,
ತಮ್ಮ ವಿಶ್ವಾಸಿ,
ಚಿಕ್ಕಮುನಿಯಪ್ಪ

ತಾ.ಕ.: ಮೇಲಿನದು ಬೆಳಗ್ಗೆ ಬರೆದದ್ದು, ಈಗ ಸಂಜೆ. ಇಷ್ಟು ಕೈಮುಗಿದು ಬೇಡಿಕೊಂಡರೂ ತಾವು ಹುಟ್ಟಿದಾಗಿನಿಂದ ತೋರದ ಚುರುಕನ್ನು ಇವತ್ತೇ ತೋರಿ ಕೊನೆಯ ಬಾಗಿಲನ್ನು ಸರ್ರನೆ ತೆರೆದಿರಿ. ರಾಕ್ಷಸರ ರಾಜ ಮಂಡಿಯೂರಿದ್ದ, ಇನ್ನೊಂದು ಏಟಿಗೆ ಮುಗಿಯುತ್ತಿತ್ತು; ಅಷ್ಟರಲ್ಲಿ ಕಸ ಗುಡಿಸುವ ನೆಪದಲ್ಲಿ ಬಂದ ಆದಿಲಕ್ಷ್ಮಮ್ಮ ಗೋಡೆಯಿಂದ ತಮ್ಮ ಪ್ಲಗ್ಗನ್ನು ಕಿತ್ತು, ಕರೆಂಟ್ ಹೋಯಿತು ಎಂದಳು. ಅವಳ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು, ಪಕ್ಕದಲ್ಲಿ ಟೇಬಲ್ ಫ್ಯಾನು ತಿರುಗುತ್ತಿತ್ತು. ಬೀಗರು ಬಲ್ಬನ್ನು ನೋಡಿದರು, ಒಳಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಸೊಸೆಯನ್ನು ನೋಡಿದರು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. “ಓಗ್ಲಿ ಬುಡಮ್ಮ. ಈ ಕರೆಂಟು ಬರೋ ಭಾನ್ವಾರಾನೂ ಓಗ್ತದೆ, ನಂಗೊತ್ತು. ಮೊದ್ಲಿಂದ ಆಡಿದ್ರಾಯ್ತು.” ಅವರಿಗೆ ಒಂದು ನೋಟದಲ್ಲಿ ಅರ್ಥವಾದದ್ದು ತಮಗೆ ಇನ್ನೂ ಲೋಡ್ ಆಗುತ್ತಿರಬಹುದು, ಆದಾಗ ತಿಳಿಸಿ, ಆತುರವೇನಿಲ್ಲ.