ಹತ್ತು ಭಾನುವಾರಗಳ ವಿದ್ಯಾರ್ಥಿನಿ

ಕೆಲವರ ಮನೆಗೆ ನೆಂಟರು ಬರುವ ಹಾಗೆ ನನ್ನ ಪಾಲಿಗೆ ಫಜೀತಿಗಳು ಬರುತ್ತವೆ. ಕರೆಯಬೇಕಾಗಿಲ್ಲ, ಬಂದ ಮೇಲೆ ಬೇಗ ಹೊರಡುವುದೂ ಇಲ್ಲ. ಐವತ್ತಾರನೇ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದಾಗಂತೂ ವಾರಕ್ಕೊಂದರಂತೆ ಬಂದವು.

ಆದದ್ದು ಇಷ್ಟು. ಮುಂಬೈಯ ಸಯನ್‌ನಲ್ಲಿ ನಮ್ಮ ಕನ್ನಡದವರ ಸಂಘದ ಹಾಲ್ ಇದೆ. ಅಲ್ಲಿ ಭಾನುವಾರ ಬೆಳಗ್ಗೆ ಒಂದು ತರಗತಿ ಶುರುವಾಯಿತು. ಸಿನಿಮಾ, ಟಿ.ವಿ., ಸಾಕ್ಷ್ಯಚಿತ್ರ, ಫೋಟೊ ಇವನ್ನೆಲ್ಲ ನೋಡುವುದು ಹೇಗೆ ಎಂದು ಹತ್ತು ವಾರ ಕಲಿಸುತ್ತಾರಂತೆ. ಜೋಗೇಶ್ವರಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಈ ಸುದ್ದಿ ಹೇಳಿದಾಗ ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನೋಡೂದು ಏನ್ ಕಲೀತಿ? ಕಣ್ಣು ತೆರೆದ್ರ ಕಾಣ್ತೈತಿ."

"ಕಡೀಗೆ ಪ್ರಮಾಣಪತ್ರ ಕೊಡ್ತಾರಂತ್ರೀ."

ಅದನ್ನು ನಾನು ಮೆಲ್ಲಗೆ ಹೇಳಿದೆ. ಆದರೆ ನನ್ನ ಜೀವ ಇದ್ದದ್ದು ಅಲ್ಲೇ. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಏಳನೇ ಇಯತ್ತೆ ಮುಗಿಸಿದೆ, ಅಷ್ಟೇ. ಅಲ್ಲಿಂದ ಈಚೆಗೆ ನನ್ನ ಹೆಸರು ಅಚ್ಚಾದ ಕಾಗದ ಅಂದರೆ ಮೂರೇ, ಲಗ್ನಪತ್ರಿಕೆ, ರೇಷನ್ ಕಾರ್ಡು, ಆಧಾರ್ ಕಾರ್ಡು. ಮೂರರಲ್ಲೂ ನಮ್ಮನೆಯವರ ಹೆಸರೂ ಇದೆ. ನನ್ನೊಬ್ಬಳ ಹೆಸರೇ ಇರುವ ಒಂದು ಕಾಗದ ನನಗೆ ಬೇಕಾಗಿತ್ತು.

ಕಲಿಸುವವರು ಮೂವತ್ತು ದಾಟದ ಹುಡುಗ. ಮುಂಬೈಯಲ್ಲೇ ಹುಟ್ಟಿದವರು. ನಾವೆಲ್ಲ ಸರ್ ಎನ್ನುತ್ತಿದ್ದೆವು. ಅವರ ನಿಯಮ ಎರಡು. ಪ್ರತಿ ವಾರ ನೋಡಿದ್ದರ ಬಗ್ಗೆ ವಹಿಯಲ್ಲಿ ಒಂದು ಪುಟ ಬರೆಯಬೇಕು. ಕಡೆಗೆ ಐದು ನಿಮಿಷದ ಒಂದು ಚಿತ್ರ ತೆಗೆದು ಒಪ್ಪಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಪ್ರಮಾಣಪತ್ರ ಇಲ್ಲ.

"ಕಥೆ ಬರೀಬೇಡಿ ಆಂಟಿ. ಕಥೆ ನಂಗೂ ಗೊತ್ತು. ನಿಮಗೆ ಏನನ್ನಿಸಿತು, ಬಸ್, ಅಷ್ಟು ಬರೀರಿ."

ಒಲೆಯ ಮೇಲಿನ ಹಾಲು

ಮೊದಲ ವಾರ ಒಂದು ಹಳೆಯ ಕಪ್ಪು-ಬಿಳುಪು ಸಿನಿಮಾ ತೋರಿಸಿದರು. ಒಬ್ಬ ತಾಯಿ ಒಲೆಯ ಮೇಲೆ ಹಾಲಿಡುತ್ತಾಳೆ. ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದು ಮಗ ಮನೆ ಬಿಟ್ಟು ಹೋದ ಸುದ್ದಿ ಹೇಳುತ್ತಾರೆ. ಆಕೆ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. ಮಾತಿಲ್ಲ, ಅಳುವಿಲ್ಲ, ಸುಮ್ಮನೆ ನಿಲ್ಲುತ್ತಾಳೆ. ಹಾಲ್‌ನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು.

ನನಗೆ ತಡೆಯಲಾಗಲಿಲ್ಲ. "ಅಯ್ಯ, ಹಾಲು! ಹಾಲು ನೋಡವಾ!" ಎಂದು ಕೂಗಿಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ನನ್ನ ಬದಿಗೆ ಕೂತಿದ್ದ ನಿವೃತ್ತ ಬ್ಯಾಂಕ್ ಸಾಹೇಬರು, "ಸುಮ್ನಿರ್ರಿ ಬಾಯಾರ, ದುಃಖದ ಸೀನ್ ಐತಿ" ಎಂದು ಗದರಿದರು. ಆದರೆ ಅದೇ ಹೊತ್ತಿಗೆ ಪರದೆಯ ಮೇಲೆ ಮೂಲೆಯಲ್ಲಿ ಹಾಲು ಉಕ್ಕಿ ಒಲೆಗೆ ಸುರಿಯಿತು. ಆಗ ಆ ತಾಯಿ ತಿರುಗಿ ನೋಡಿದಳು. ನೋಡಿ, ಆಮೇಲೆ ಅತ್ತಳು.

ಸರ್ ಸಿನಿಮಾ ನಿಲ್ಲಿಸಿಬಿಟ್ಟರು. "ಆಂಟಿ, ಈ ಪಿಕ್ಚರ್ ಎಷ್ಟು ಸಲ ತೋರಿಸಿದ್ದೀನೋ ಲೆಕ್ಕ ಇಲ್ಲ. ಹಾಲು ಉಕ್ಕೋದಕ್ಕೆ ಮುಂಚೆ ಹಾಲು ನೋಡಿದವರು ನೀವೊಬ್ಬರೇ. ಡೈರೆಕ್ಟರ್ ಇಡೀ ಸೀನನ್ನ ಅಲ್ಲೇ ಇಟ್ಟಿದ್ದಾರೆ!"

ನನ್ನ ವಹಿಯ ಮೊದಲ ಪುಟಕ್ಕೆ ಎರಡು ಗೆರೆ ಎಳೆದು 'ಅತ್ಯುತ್ತಮ' ಎಂದು ಬರೆದರು. ಬ್ಯಾಂಕ್ ಸಾಹೇಬರು ಅದನ್ನು ಬಗ್ಗಿ ಓದಿದರು. ಮುಂದಿನ ವಾರದಿಂದ ಅವರು ಸಿನಿಮಾದಲ್ಲಿ ಅಡಿಗೆಮನೆ ಬಂದ ಕೂಡಲೇ ಕನ್ನಡಕ ಒರೆಸಿಕೊಳ್ಳತೊಡಗಿದರು.

ದೇವಿ ಹೇಳಿದ ಸಾಬೂನು

ಎರಡನೇ ವಾರದ ಪಾಠ ಟಿ.ವಿ. ಮನೆಯಲ್ಲಿ ಒಂದು ತಾಸು ಟಿ.ವಿ. ನೋಡಿ ಜಾಹೀರಾತು ನಮ್ಮ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದು ಬರೆಯಬೇಕಿತ್ತು.

ನಮ್ಮ ಮನೆಯ ಟಿ.ವಿ. ನಮ್ಮ ಅತ್ತೆಯವರ ಅಧೀನ. ಎಂಬತ್ತು ದಾಟಿದೆ, ಕಿವಿ ಚುರುಕು. ಸಂಜೆ ದೇವಿಯ ಧಾರಾವಾಹಿ ಬಂತೆಂದರೆ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದು ಕೂರುತ್ತಾರೆ. ಅಂದು ದೇವಿ ರಾಕ್ಷಸನನ್ನು ಕೊಂದು ಮುಗುಳ್ನಕ್ಕಳು. ಮರುಕ್ಷಣ ಅದೇ ದೇವಿ, ಅದೇ ಮುಖ, ಬಕೆಟ್ಟಿನ ಮುಂದೆ ಕೂತು ಅಂಗಿಯ ಕಾಲರು ತಿಕ್ಕುತ್ತಿದ್ದಳು.

ಅತ್ತೆಯವರು ಮುಗಿದ ಕೈ ಇಳಿಸಲಿಲ್ಲ. "ನೋಡವಾ, ಆಕಿಗೂ ಈ ಊರಾಗ ಕೆಲಸದಾಕಿ ಸಿಕ್ಕಿಲ್ಲ."

"ಅದು ಜಾಹೀರಾತ್ರೀ ಅತ್ತಿ. ಪಾತ್ರ ಮಾಡಾಕಿ ಅಕಿ."

"ಆಗಲಿ. ಮುಖ ಅದ ಐತೆಲ್ಲ? ಆ ಸಾಬೂನು ತರ್ಸು. ದೇವಿ ಹೇಳ್ಯಾಳ."

ತರಿಸಿದೆ. ಬಂದ ಸಾಬೂನಿಗೆ ಅತ್ತೆಯವರು ಕುಂಕುಮ ಹಚ್ಚಿ ದೇವರ ಮಾಡದಲ್ಲಿ ಇಟ್ಟುಬಿಟ್ಟರು.

ನಾನು ವಹಿಯಲ್ಲಿ ಬರೆದೆ: "ಜಾಹೀರಾತಿನ ಪರಿಣಾಮ ಬಹಳ. ಆ ಸಾಬೂನಿಗೆ ನಮ್ಮ ಮನೆಯಲ್ಲಿ ದಿನಾ ಆರತಿ ಆಗುತ್ತದೆ. ಬಟ್ಟೆ ಒಗೆಯಲು ಬೇರೆ ಕಂಪನಿಯದು ತಂದಿದ್ದೇವೆ."

ಖಾಲಿ ಕೊಡ

ಮುಂದೊಂದು ವಾರ ಸಾಕ್ಷ್ಯಚಿತ್ರ. ಬರಡು ನೆಲ, ಮೇಲೆ ಬಿಸಿಲು, ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಕೊಡ ಹೊತ್ತು ನಡೆಯುತ್ತಾಳೆ. ಹಿಂದೆ ಕೊಳಲು. ನಡೆಯುತ್ತಾಳೆ, ನಡೆಯುತ್ತಲೇ ಇರುತ್ತಾಳೆ. ಬ್ಯಾಂಕ್ ಸಾಹೇಬರು ಕರವಸ್ತ್ರ ತೆಗೆದರು. ಹಿಂದಿನ ಸಾಲಿನಲ್ಲಿ ಮೂಗೆಳೆಯುವ ಸಪ್ಪಳ.

ದೀಪ ಹಾಕಿದ ಮೇಲೆ ಸರ್ ಕೇಳಿದರು, "ಆಂಟಿ, ನಿಮಗೆ ಅಳು ಬರ್ಲಿಲ್ವಾ?"

"ಬರ್ತಿತ್ರಿ ಸರ್. ಆದ್ರ ಕೊಡ ಖಾಲಿ ಐತಿ."

"ಏನು?"

"ತುಂಬಿದ ಕೊಡ ಹೊತ್ತಾಕಿ ಕುತ್ತಿಗಿ ಹೊಳ್ಳಸಂಗಿಲ್ರಿ. ಕಣ್ಣಷ್ಟ ಹೊಳ್ಳಸ್ತಾಳ. ಈಕಿ ಎರಡು ಸಲ ತಿರುಗಿ ಕ್ಯಾಮೆರಾ ನೋಡಿದ್ಲು. ಅದೂ ಅಲ್ದ ಕೊಡದ ಕೆಳಗ ಬಟ್ಟಿ ಸಿಂಬಿನೂ ಇಲ್ಲ. ನಾ ಹನ್ನೆರಡು ವರ್ಷ ನೀರು ಹೊತ್ತೀನ್ರಿ."

ಸರ್ ಚಿತ್ರವನ್ನು ಹಿಂದಕ್ಕೆ ಓಡಿಸಿದರು. ಕೊಡ ಕೆಳಗಿಡುವ ಕಡೆ ಕೊಳಲಿನ ಸದ್ದು ಇಳಿಸಿದರು. ಕೊಡ ನೆಲ ಮುಟ್ಟಿತು. ಟಣ್ ಎಂದಿತು. ಒಂದು ಹನಿಯೂ ತುಳುಕಲಿಲ್ಲ.

ಹಾಲ್ ತುಂಬ ಚಪ್ಪಾಳೆ. ಚಪ್ಪಾಳೆ ತಟ್ಟದವರು ಬ್ಯಾಂಕ್ ಸಾಹೇಬರೊಬ್ಬರೇ. ಒದ್ದೆ ಕರವಸ್ತ್ರ ನೋಡುತ್ತ, "ಖಾಲಿ ಕೊಡಕ್ಕ ಇಷ್ಟು ಅತ್ತೆನಲ್ಲ" ಎಂದರು.

ಪಾಪ ಅನ್ನಿಸಿತು. "ಇರ್ಲಿ ಬಿಡ್ರಿ ಸಾಹೇಬ್ರ. ಕೊಡ ಸುಳ್ಳಾದ್ರೂ ಬಿಸಲು ಖರೇನ ಐತಿ" ಎಂದು ಸಮಾಧಾನ ಮಾಡಿದೆ. ಅವರು ಮತ್ತೆ ಸ್ವಲ್ಪ ಅತ್ತರು.

ಪಶ್ಚಾತ್ತಾಪದ ಮುಖ

ಗಣಪತಿ ಹಬ್ಬದ ವಾರ ಫೋಟೊ ಪಾಠ. ಮನೆಯವರಲ್ಲಿ ಯಾರದಾದರೂ ಒಂದು ಸಹಜ ಮುಖಚಿತ್ರ ಮೊಬೈಲಿನಲ್ಲೇ ತೆಗೆದು ತರಬೇಕು. ನಾನು ನಮ್ಮನೆಯವರನ್ನು ಕೇಳಿದೆ. ಅವರು ತಲೆ ಬಾಚಿ, ಅಂಗಿಯ ಕೊರಳ ಗುಂಡಿಯವರೆಗೂ ಹಾಕಿಕೊಂಡು, ಬಿಳಿ ಗೋಡೆಗೆ ಬೆನ್ನು ಹಚ್ಚಿ ನಿಂತರು.

"ಒಂಚೂರು ನಗ್ರಿ."

"ಯಾಕ ನಗ್ಲಿ? ಆಧಾರ್ ಕಾರ್ಡಿನಾಗೂ ನಾ ನಕ್ಕಿಲ್ಲ."

ಇಪ್ಪತ್ತು ಫೋಟೊ ತೆಗೆದೆ. ಇಪ್ಪತ್ತರಲ್ಲೂ ಪೊಲೀಸರು ಹುಡುಕುತ್ತಿರುವ ಮನುಷ್ಯನ ಹಾಗೆ ಕಂಡರು. ಬೇಸತ್ತು ಮೊಬೈಲ್ ಹಿಡಿದುಕೊಂಡೇ ಅಡಿಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ದೇವರ ಕಡೆ ಸಪ್ಪಳವಾಯಿತು. ತಿರುಗಿ ನೋಡಿದರೆ ಇವರು! ನೈವೇದ್ಯಕ್ಕೆಂದು ಮುಚ್ಚಿಟ್ಟ ಕಡುಬಿನಲ್ಲಿ ಒಂದು ಪೂರ್ತಿ ಬಾಯೊಳಗೆ, ಇನ್ನೊಂದು ಕೈಯಲ್ಲಿ. ಗಣಪತಿಗೆ ಇನ್ನೂ ಆರತಿಯೇ ಆಗಿಲ್ಲ. ನನ್ನ ಬೆರಳು ತಾನಾಗಿ ಒತ್ತಿತು.

ಭಾನುವಾರ ಸರ್ ಮುಖದ ಭಾಗವನ್ನಷ್ಟೇ ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿದರು. "ನೋಡಿ ಎಲ್ಲರೂ. ಈ ಕಣ್ಣು ನೋಡಿ. ಏನು ಆಳ! ಬದುಕಿಡೀ ಹೊತ್ತ ಯಾವುದೋ ಪಶ್ಚಾತ್ತಾಪ. ಮಾತು ಗಂಟಲಲ್ಲೇ ಸಿಕ್ಕಿಕೊಂಡಿದೆ."

"ಮಾತಲ್ರಿ ಸರ್," ಎಂದೆ, "ಕಡುಬು."

ಪೂಜೆಗೆ ಕೂತ ಕ್ಯಾಮೆರಾ

ಹೀಗೆ ವಹಿಯ ಪುಟಗಳೆಲ್ಲ ಪಾಸಾದವು. ಉಳಿದದ್ದು ಐದು ನಿಮಿಷದ ಚಿತ್ರ. ತರಗತಿಯ ಕ್ಯಾಮೆರಾದಲ್ಲೇ ತೆಗೆಯಬೇಕು, ಅದು ಸರದಿಯ ಮೇಲೆ ಸಿಗಬೇಕು. ನನ್ನ ಸರದಿ ಕಡೆಯದು. ಶುಕ್ರವಾರ ಸಂಜೆ ಕೈಗೆ ಬಂತು. ಶನಿವಾರ ಖಂಡೇನವಮಿ, ಆಯುಧಪೂಜೆ. ಭಾನುವಾರ ದಸರಾ, ಬೆಳಗ್ಗೆ ಹತ್ತಕ್ಕೆ ಒಪ್ಪಿಸಿ ಹನ್ನೊಂದಕ್ಕೆ ಎಲ್ಲರ ಮನೆಯವರ ಮುಂದೆ ಪ್ರದರ್ಶನ, ಪ್ರಮಾಣಪತ್ರ. ಶನಿವಾರ ಸ್ಟೇಷನ್ ಹೊರಗಿನ ಹೂವಿನವರ ಚಿತ್ರ ತೆಗೆಯುವುದೆಂದು ನಿರ್ಧರಿಸಿದ್ದೆ.

ಬೆಳಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಅತ್ತೆಯವರು ದೇವರ ಮುಂದೆ ಆಯುಧಗಳನ್ನು ಸಾಲಾಗಿ ಹೊಂದಿಸಿಬಿಟ್ಟಿದ್ದಾರೆ. ನಮ್ಮನೆಯವರು ವರ್ಕ್‌ಶಾಪಿನಲ್ಲಿ ನಟ್ಟು ಬಿಗಿಯಲು ಬಳಸುತ್ತಿದ್ದ ಪಾನಾ, ನನ್ನ ಈಳಿಗೆ, ಮಿಕ್ಸರ್, ಮುಂಬೈಯಲ್ಲೇ ಬೆಳೆದ ನಮ್ಮ ಮಗಳ ಲ್ಯಾಪ್‌ಟಾಪ್. ನಡುವೆ, ದೇವಿಯ ಫೋಟೊದ ಪಕ್ಕದಲ್ಲೇ, ಮುಖ ನಮ್ಮ ಕಡೆ ಮಾಡಿ, ಚೆಂಡು ಹೂವು ಮುಡಿದು ಕ್ಯಾಮೆರಾ!

"ಅತ್ತಿ! ಅದು ಇವತ್ತು ನನಗ ಬೇಕಾಗಿತ್ರಿ."

"ಪೂಜಾಕ್ಕ ಕುಂತದ್ದನ್ನ ಎಬ್ಬಿಸಬಾರದು. ನಾಳೆ ಮುಂಜಾನೆ ಆರತಿ ಆದಮ್ಯಾಲ ತಗೋ."

"ನಾಳೆ ಒಪ್ಪಿಸಬೇಕ್ರಿ."

"ಒಪ್ಪಿಸು. ನಾ ಏನ್ ಬ್ಯಾಡ ಅಂದ್ನಿ?"

ಮಗಳು ಹಾಸಿಗೆಯಿಂದಲೇ, "ಮಮ್ಮಿ, ಚುಪ್‌ಚಾಪ್ ಎತ್ಕೋ ನಾ, ದೇವರಿಗೆ ಕ್ಯಾ ಗೊತ್ತಾಗುತ್ತೆ?" ಎಂದಳು. ಗದರಿಸಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನವಮಿಯ ದಿನ ನಾನು ಈಳಿಗೆ ಮುಟ್ಟಿದವಳಲ್ಲ, ಹಿಂದಿನ ದಿನವೇ ಕಾಯಿಪಲ್ಲೆ ಹೆಚ್ಚಿಟ್ಟುಕೊಳ್ಳುವವಳು. ಒಂದು ಕಾಗದಕ್ಕಾಗಿ ಅದನ್ನು ಮುರಿಯಲು ಮನಸ್ಸು ಬರಲಿಲ್ಲ. ಕಾಗದ ಬಿಡಲೂ ಮನಸ್ಸು ಬರಲಿಲ್ಲ.  ಕ್ಯಾಮೆರಾ ಮುಟ್ಟಲಿಲ್ಲ.

ಭಾನುವಾರ ಆರತಿಯಾದ ಕೂಡಲೇ ಮನೆಮಂದಿಯೆಲ್ಲ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಸಯನ್ ಮುಟ್ಟಿದೆವು. ನಾನು ಸರ್ ಬಳಿ ಹೋಗಿ ಕ್ಯಾಮೆರಾ ಕೈಗಿಟ್ಟು, "ತಪ್ಪಾತ್ರಿ. ಏನೂ ತಗದಿಲ್ಲ. ಪ್ರಮಾಣಪತ್ರ ಬ್ಯಾಡ" ಎಂದೆ. 

ಸರ್ ಕುಂಕುಮ ಒರೆಸಿ, ಬ್ಯಾಟರಿ ಬದಲಿಸಿ, ಏನೋ ಒತ್ತಿ ನೋಡಿದರು. "ಏನೂ ಇಲ್ಲ ಅಂತೀರಿ? ಇದರಲ್ಲಿ ಒಂದು ಗಂಟೆ ಹನ್ನೆರಡು ನಿಮಿಷ ಇದೆ!"

ಕ್ಯಾಮೆರಾದಲ್ಲಿ ಚಿತ್ರ ಶುರು ಮಾಡುವ ಗುಂಡಿ ಕೆಂಪಗೆ, ದುಂಡಗೆ ಇರುತ್ತದೆ. ಅತ್ತೆಯವರು ಅದು ತಿಲಕ ಇಡಲೆಂದೇ ಮಾಡಿದ ಜಾಗವೆಂದು ತಿಳಿದು ಅಲ್ಲೇ ಗಟ್ಟಿಯಾಗಿ ಕುಂಕುಮ ಒತ್ತಿದ್ದರು. ಅಲ್ಲಿಂದ ಬ್ಯಾಟರಿ ತೀರುವವರೆಗೆ ದೇವಿಯ ಪಕ್ಕದಲ್ಲಿ ಕೂತು ಕ್ಯಾಮೆರಾ ಎಲ್ಲ ನೋಡಿತ್ತು.

ಬ್ಯಾಂಕ್ ಸಾಹೇಬರು ಆಕ್ಷೇಪ ಎತ್ತಿದರು. "ಇದು ಅವರು ತಗದದ್ದಲ್ಲ ಸರ್. ತಾನ ಓಡೈತಿ."

"ಹಾಗಾದರೆ ಒಂದು ಗಂಟೆಯಲ್ಲಿ ಯಾವ ಐದು ನಿಮಿಷ ಅಂತ ಅವರೇ ಆರಿಸಲಿ," ಎಂದರು ಸರ್. "ಆರಿಸೋದೇ ಸಿನಿಮಾ. ಅರ್ಧ ಗಂಟೆ ಟೈಮು, ಆಂಟಿ."

ಒಳಕೋಣೆಯಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಓಡಿಸಿ ನೋಡಿದೆ. ನೋಡುತ್ತ ಬೆವತೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ದೇವಿಗೆ ಹೇಳಿಕೊಂಡದ್ದೆಲ್ಲ ಅದರಲ್ಲಿದೆ! ಕೇಳದೆ ತೋರಿಸುವುದು ನ್ಯಾಯವಲ್ಲ. ಹೊರಗೆ ಬಂದು ಕೇಳಿದೆ.

ನಮ್ಮನೆಯವರು ಎದೆ ಸೆಟೆಸಿದರು. "ದೇವರ ಮುಂದ ನಾ ಏನ್ ಸುಳ್ಳು ಹೇಳೀನೇನು? ತೋರ್ಸು!"

ಅತ್ತೆಯವರು, "ಯಾವ ಸೀರಿ ಉಟ್ಟಿದ್ನಿ?" ಎಂದರು.

"ಹಸರು ಇಳಕಲ್ ರೀ."

"ಹಂಗಾರ ತೋರ್ಸು."

ಮಗಳು ಕೈಯಲ್ಲಿ ಮುಖ ಮುಚ್ಚಿಕೊಂಡು ಹೂಂ ಎಂದಳು.

ಹನ್ನೊಂದಕ್ಕೆ ದೀಪ ಆರಿತು. ಪರದೆಯ ತುಂಬ ಮೊದಲು ಒಂದು ಹೆಬ್ಬೆರಳು. ಆಮೇಲೆ ಅತ್ತೆಯವರ ಮುಖ. "ಯವ್ವಾ, ನನ್ನ ಸೊಸಿ ಏನೋ ಕಲ್ಯಾಕ ಹತ್ಯಾಳ. ಏನಂತ ನನಗ ತಿಳದಿಲ್ಲ. ಅಕಿಗೂ ತಿಳದಾಂಗ ಕಾಣೂದಿಲ್ಲ. ಹೆಂಗರ ಮಾಡಿ ಪಾಸ್ ಮಾಡು."

ಹಾಲ್ ನಕ್ಕಿತು. ನಮ್ಮನೆಯವರು ಬಂದರು. ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಿಸುಗುಟ್ಟಿದರು. "ಅಕಿ ಪಾಸಾಗ್ಲಿ ತಾಯಿ. ಇಲ್ಲಂದ್ರ ಮತ್ತ ಹತ್ತು ವಾರ ಕುಂದರ್ತಾಳ, ಭಾನುವಾರದ ಸಾರು ನಾನ ಮಾಡಬೇಕಾಗ್ತೈತಿ. ನನ್ನ ಸಾರು ನನಗ ಸೇರೂದಿಲ್ಲ." ಜನ ಕುರ್ಚಿ ಬಡಿದು ನಕ್ಕರು. ಪಕ್ಕದಲ್ಲಿ ಇವರು ತಲೆ ಎತ್ತಿ ಫ್ಯಾನ್ ನೋಡುತ್ತಿದ್ದರು.

ಮಗಳು ಬಂದಳು. "ದೇವಿ, ಪ್ಲೀಸ್, ಮಮ್ಮಿದು ಫಿಲ್ಮ್ ಅಚ್ಛಾ ಆಗ್ಲಿ. ಔರ್ ಅಜ್ಜಿಗೆ ನನ್ನ ಫೋನ್ ಸಿಗೋದು ಬೇಡ, ಪೂಜೆಗೆ ಇಟ್ಬಿಡ್ತಾರೆ. ಪಿಲ್ಲೋ ನೀಚೆ ಇದೆ."

ಕಡೆಗೆ ನಾನು. ಇದನ್ನು ಕತ್ತರಿಸಿಬಿಡೋಣವೆಂದು ಮೂರು ಸಲ ಬೆರಳು ಇಟ್ಟು ತೆಗೆದಿದ್ದೆ. ಎಲ್ಲರದೂ ತೋರಿಸಿ ನನ್ನದು ಬಚ್ಚಿಟ್ಟರೆ ಆಗುತ್ತದೆಯೆ? ಪರದೆಯ ಮೇಲೆ ನಾನು ಕೈ ಮುಗಿಯದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಕಣ್ಣಲ್ಲಿ ನೀರು.

"ಹತ್ತು ವಾರ ಕಲ್ತೀನಿ. ಒಂದು ದಿನ ಬಿಟ್ಟಿಲ್ಲ. ಕಡೀಗೆ ಬಂದು ನನ್ನ ಕ್ಯಾಮೆರಾ ಕಸಗೊಂಡು ಕುಂತೀಯಲ್ಲ, ನಿನಗ್ಯಾಕ ಬೇಕಿತ್ತದು? ನೀ ಏನ್ ಪಿಚ್ಚರ್ ತಗೀತಿಯೇನು?"

 ಹಾಲ್‌ನಲ್ಲಿ ಎದ್ದ ನಗೆಗೆ ಹೊರಗೆ ರಸ್ತೆಯವರು ಬಂದು ಇಣುಕಿದರು. ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬ್ಯಾಂಕ್ ಸಾಹೇಬರು. ತರಗತಿಯ ಮೊದಲ ಬಹುಮಾನ ನನ್ನ ಚಿತ್ರಕ್ಕೆ ಬಂತು. ಪ್ರಮಾಣಪತ್ರದಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ವೇದಿಕೆಯ ಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದು ನಾನು ಸಾವಕಾಶ ಓದಿದೆ, ಎಲ್ಲರೂ ಕಾದರು.

ಆಮೇಲೆ ಸರ್ ಅತ್ತೆಯವರನ್ನೂ ಮೇಲಕ್ಕೆ ಕರೆದು ಮೈಕ್ ಹಿಡಿದರು. "ಗುಂಡಿ ಒತ್ತಿದವರು ನೀವು ಅಜ್ಜಿ. ಈ ಚಿತ್ರದ ಬಗ್ಗೆ ನಿಮಗೆ ಏನನ್ನಿಸಿತು?"

ಅತ್ತೆಯವರು ಸೆರಗು ಸರಿಮಾಡಿಕೊಂಡರು.

"ಪಿಚ್ಚರ್ ಛಲೋ ಆಗೈತಿ. ಆದ್ರ ಎಂಬತ್ತು ವರ್ಷ ನಂಬಿ ಎಲ್ಲಾ ಆ ದೇವಿ ಮುಂದ ಹೇಳ್ಕೊಂತ ಬಂದಿದ್ನಿ. ಹಿಂಗ ಊರಿಗೆಲ್ಲಾ ತೋರಿಸ್ತಾಳ ಅಂತ ಗೊತ್ತಿರ್ಲಿಲ್ಲ. ಇನ್ನ ಮ್ಯಾಲ ಬರೇ ಕೈ ಮುಗದು ಬರ್ತೀನಿ. ಮನಿ ಮಾತು ಒಂದೂ ಹೇಳಂಗಿಲ್ಲ."