ಕೂಲರಿನ ಕಡಜಗಳೂ ನನ್ನ ನಾಲ್ಕನೆಯ ನಿಯಮವೂ

ಬೇರೆಯವರಿಗೆ ಎಚ್ಚರಿಕೆ ಹೇಳುವುದೇ ನನ್ನ ಹೊಟ್ಟೆಪಾಡಾಗಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೈದರಾಬಾದಿನ ಅಂಚಿನಲ್ಲಿದ್ದ ಒಂದು ಕೇಂದ್ರ ಸರಕಾರಿ ಕಾರ್ಖಾನೆಯಲ್ಲಿ ನಾನು ಸುರಕ್ಷತಾ ವಿಭಾಗದ ಅಧಿಕಾರಿಯಾಗಿದ್ದೆ. ಏಣಿ ಹತ್ತಿದವನ ಏಣಿಯನ್ನು ಇನ್ನೊಬ್ಬ ಹಿಡಿದಿದ್ದಾನೆಯೇ, ವೆಲ್ಡಿಂಗ್ ಮಾಡುವವನ ಕಣ್ಣಿಗೆ ಕನ್ನಡಕ ಇದೆಯೇ, ಕ್ರೇನಿನ ಕೆಳಗೆ ಯಾರಾದರೂ ನಿಂತು ಬೀಡಿ ಸೇದುತ್ತಿದ್ದಾರೆಯೇ, ಇದನ್ನೆಲ್ಲ ನೋಡುವುದು ನನ್ನ ಕೆಲಸ. ನಾನು ಸ್ವತಃ ಏಣಿ ಹತ್ತಿದವನಲ್ಲ. ಹತ್ತಿದವರನ್ನು ಕೆಳಗೆ ನಿಂತು ನೋಡಿ ತಪ್ಪು ಹುಡುಕಿದವನು. ನಮ್ಮಲ್ಲಿ ಅಪಾಯದ ಕೆಲಸ ಯಾವುದೇ ಇರಲಿ, ‘ಪರ್ಮಿಟ್’ ಎಂಬ ಕಾಗದವಿಲ್ಲದೆ ಶುರುವಾಗುತ್ತಿರಲಿಲ್ಲ, ಅದೇ ಕಾಗದದ ಮೇಲೆ ಕೊನೆಯ ಸಹಿ ಬೀಳದೆ ಮುಗಿಯುತ್ತಲೂ ಇರಲಿಲ್ಲ. ಸಹಿಯ ಕೆಳಗೆ ತಾರೀಖು ಹಾಕಿರದಿದ್ದರೆ ಆ ಕಾಗದವನ್ನು ತಿರುಗಿಸಿ ಕಳಿಸುವುದರಲ್ಲಿ ನನಗೆ ವಿಶೇಷ ಸುಖವಿತ್ತು. ಎಷ್ಟೋ ಜನ ಎಣ್ಣೆ ಮೆತ್ತಿದ ಕೈಯಲ್ಲಿ ನನ್ನ ಮೇಜಿನವರೆಗೆ ಬಂದು, ಎರಡು ಅಂಕಿ ಗೀಚಿ, ಮನಸ್ಸಿನಲ್ಲೇ ನನ್ನ ಮನೆತನವನ್ನೆಲ್ಲ ನೆನೆಸಿಕೊಂಡು ಹೋಗಿದ್ದಾರೆ.

ಈ ಕಟ್ಟುನಿಟ್ಟಿನಿಂದ ನನ್ನ ಹೆಂಡತಿ ಶಾಂತಾ ಕೂಡ ಪಾರಾಗಿರಲಿಲ್ಲ. ವರ್ಷಕ್ಕೊಮ್ಮೆ ನೌಕರರ ಮನೆಯವರನ್ನು ಕಾರ್ಖಾನೆಯೊಳಗೆ ಕರೆದೊಯ್ದು ಯಂತ್ರಗಳನ್ನು ತೋರಿಸುವ ಪದ್ಧತಿ ಇತ್ತು. ಶಾಂತಾ ಇಳಕಲ್ ಸೀರೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ ಬಂದಳು. ಬೂಟಿಲ್ಲದೆ ಒಳಗೆ ಪ್ರವೇಶವಿಲ್ಲ ಎಂಬ ನಿಯಮ ಬರೆದವನೇ ನಾನು. ನಿಯಮ ಅಂದರೆ ನಿಯಮ ಎಂದು ಎಲ್ಲರೆದುರು ಅವಳನ್ನು ಗೇಟಿನಲ್ಲೇ ನಿಲ್ಲಿಸಿದೆ. ಬೂಟು ಹಾಕಿಕೊಂಡೇ ಬಂದಿದ್ದ ಉಳಿದ ಹೆಂಗಸರು ಒಳಗೆ ಹೋಗಿ, ಯಂತ್ರ ನೋಡಿ, ಸಮೋಸಾ ತಿಂದು ಬರುವ ತನಕ ಒಂದು ತಾಸು ಅವಳು ಕಾವಲುಗಾರನ ಗೂಡಿನ ನೆರಳಲ್ಲಿ ನಿಂತಿದ್ದಳು. ಮನೆಗೆ ಬಂದವಳೇ ಆ ಹೊಸ ಚಪ್ಪಲಿಯನ್ನು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದಳು. ಹೆಂಡತಿಗೆ ನಿಯಮದ ಮಹತ್ವ ತಿಳಿಯಿತು ಎಂದು ನಾನು ಸಂತೋಷಪಟ್ಟೆ. ಗಂಡಸರ ಬುದ್ಧಿ ಎಲ್ಲಿ ಕೈಕೊಡುತ್ತದೆ ಎಂದು ಯಾರಾದರೂ ಪಟ್ಟಿ ಮಾಡುವುದಿದ್ದರೆ ಇದನ್ನೂ ಸೇರಿಸಿಕೊಳ್ಳಲಿ.

ಜಗತ್ತಿನಲ್ಲಿ ನನ್ನನ್ನು ನಿಜವಾಗಿ ದೊಡ್ಡ ಅಧಿಕಾರಿ ಎಂದು ನಂಬಿದ್ದವರು ಒಬ್ಬರೇ, ನನ್ನ ಅತ್ತೆ. ಅವರು ಇದ್ದದ್ದು ಕಲಬುರ್ಗಿಯಲ್ಲಿ. ಊರಿಗೆ ಹೋದಾಗಲೆಲ್ಲ ಅಕ್ಕಪಕ್ಕದವರನ್ನು ಕರೆದು, ‘ನಮ್ಮ ಅಳಿಯಂದಿರು ಸಹಿ ಮಾಡಲಿಲ್ಲಂದ್ರ ಅಲ್ಲಿ ಒಂದು ಮಶೀನ್ ತಿರಗಂಗಿಲ್ಲ’ ಎಂದು ಹೇಳುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಹೈದರಾಬಾದಿನಲ್ಲಿ ಮನೆ ಮಾಡಿದ ನಮ್ಮ ಕಡೆಯವರ ಪಾಡು ನಿಮಗೆ ಗೊತ್ತಿರಬಹುದು. ಬೀದರ, ಕಲಬುರ್ಗಿ, ರಾಯಚೂರಿನಲ್ಲಿ ಯಾರಿಗೆ ಕಣ್ಣು ಮಂಜಾದರೂ, ಮೊಣಕಾಲು ಹಿಡಿದರೂ ಚೀಲ ಕಟ್ಟಿಕೊಂಡು ರೈಲು ಹತ್ತುವುದು ನಮ್ಮ ಮನೆಗೇ. ಆ ವರ್ಷ ಅತ್ತೆಯವರ ಸರದಿ. ಹಿಮಾಯತ್‌ನಗರದ ಕಣ್ಣಿನ ಡಾಕ್ಟರು ಮೊದಲು ಎಡಗಣ್ಣಿನ ಆಪರೇಶನ್ ಮಾಡೋಣ, ಆದ ಮೇಲೆ ರೋಗಿಯನ್ನು ಧೂಳು, ಬೆವರು ಇಲ್ಲದ ತಂಪಾದ ಕೋಣೆಯಲ್ಲಿ ಮಲಗಿಸಿ ಎಂದಿದ್ದರು. ಹೋಳಿ ಮುಗಿದು ಬಿಸಿಲು ಹಲ್ಲು ಕಿರಿಯಲು ಶುರುಮಾಡಿತ್ತು. ನಮ್ಮ ಕ್ವಾರ್ಟರ್ಸಿನಲ್ಲಿ ತಂಪಾಗಬಹುದಾದ ಕೋಣೆ ಒಂದೇ, ಬಾಲ್ಕನಿಯ ಕಡೆಯದು. ಅದರ ಕಿಟಕಿಗೆ ಆತುಕೊಂಡು, ಬಾಲ್ಕನಿಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಮ್ಮ ಕೂಲರು ಕೂತಿತ್ತು.

ಕೂಲರು ಎಂದರೆ ಏನೆಂದು ತಂಪು ಊರಿನವರಿಗೆ ಹೇಳಬೇಕು. ಮೂರು ಕಡೆ ಹುಲ್ಲಿನ ಪ್ಯಾಡು, ಕೆಳಗೆ ನೀರಿನ ತೊಟ್ಟಿ, ನಡುವೆ ವಿಮಾನದಂತೆ ಗದ್ದಲ ಮಾಡುವ ಫ್ಯಾನು, ಇಷ್ಟನ್ನೂ ತುಂಬಿಕೊಂಡ ತಗಡಿನ ಪೆಟ್ಟಿಗೆ ಅದು. ಒದ್ದೆ ಹುಲ್ಲಿನೊಳಗಿಂದ ಬಂದ ಗಾಳಿಯನ್ನು ಫ್ಯಾನು ಸೀದಾ ಕೋಣೆಯೊಳಗೆ ತಳ್ಳುತ್ತದೆ. ಚಳಿಗಾಲ ಪೂರ್ತಿ ನಮ್ಮ ಕೂಲರು ಹಳೆಯ ಚಾದರ ಹೊದ್ದು ಮಲಗಿತ್ತು. ಆಪರೇಶನ್ನಿಗೆ ಒಂದು ವಾರ ಮುಂಚೆ ಶಾಂತಾ ಚಾದರ ಎತ್ತಿ, ಒಳಗೆ ಇಣುಕಿ, ಹಾಗೆಯೇ ಚಾದರ ಇಳಿಬಿಟ್ಟು ಒಳಗೆ ಬಂದಳು. ಪೆಟ್ಟಿಗೆಯ ಮಾಡಿಗೆ, ಫ್ಯಾನಿನ ನೆತ್ತಿಯ ಮೇಲೆ, ಅಂಗೈಯಷ್ಟು ಅಗಲದ ಕಡಜದ ಗೂಡು. ಅದರ ಮೇಲೆ ಹಳದಿ ಪಟ್ಟೆಯ ಸಂಸಾರವೊಂದು ರೆಕ್ಕೆ ಮಡಚಿ ಕೂತಿತ್ತು. ಈಗ ಕೂಲರಿನ ಸ್ವಿಚ್ ಒತ್ತಿದರೆ ಅತ್ತೆಯವರ ಮೇಲೆ ಗಾಳಿಯ ಜೊತೆಗೆ ಏನು ಬೀಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೆಳಗಿನ ಮನೆಯ ಪಾಷಾ ಸಾಹೇಬರು ನಮ್ಮ ಕಾರ್ಖಾನೆಯಲ್ಲೇ ಲೇತ್ ಯಂತ್ರ ನಡೆಸುವ ಟರ್ನರ್. ಸುದ್ದಿ ತಿಳಿದು ಮೇಲೆ ಬಂದು, ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಬೆಂಕಿ ಹಚ್ಚಿದರೆ ಎರಡು ನಿಮಿಷದ ಕೆಲಸ ಎಂದರು. ಒಣ ಹುಲ್ಲಿನ ಪೆಟ್ಟಿಗೆಯೊಳಗೆ ಬೆಂಕಿ! ನಾನು ಅಲ್ಲೇ ನಿಂತು ಅವರಿಗೆ ಅಗ್ನಿ ಅವಘಡಗಳ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಅವರು ಅದನ್ನು ಕಾರ್ಖಾನೆಯಲ್ಲಿ ವರ್ಷಕ್ಕೆರಡು ಸಲ ಕೇಳಿದ್ದವರು, ಪಾಪ, ಚಹಾ ಕುಡಿಯುತ್ತ ಇನ್ನೊಮ್ಮೆ ಕೇಳಿದರು. ಹೋಗುವಾಗ ಮಾತ್ರ, ‘ಸಾಬ್, ಆಪ್ ಬೋಲ್ತೇ ರಹೋ, ವೋ ಘರ್ ಬಡಾ ಕರ್ತೇ ರಹತೇ’ ಎಂದರು. ನೀವು ಮಾತಾಡುತ್ತಿರಿ, ಅವು ಮನೆ ದೊಡ್ಡದು ಮಾಡುತ್ತಿರುತ್ತವೆ ಎಂದು. ಹಾಗೆಯೇ ಆಯಿತು. ನಾನು ಮೂರು ದಿನ ಕಿಟಕಿಯ ಗಾಜಿನಾಚೆಯಿಂದ ತಪಾಸಣೆ ಮಾಡಿದೆ. ಅವು ಎಷ್ಟು ಗಂಟೆಗೆ ಹೋಗುತ್ತವೆ, ಎಷ್ಟು ಗಂಟೆಗೆ ಬರುತ್ತವೆ ಎಂದು ಬರೆದಿಟ್ಟೆ. ಹಾಜರಿಯಲ್ಲಿ ಅವು ನಮ್ಮ ಕಾರ್ಖಾನೆಯವರಿಗಿಂತ ಶಿಸ್ತಿನವು. ನಂತರ ಮೂರು ದಿನ ಯೋಜನೆ ತಯಾರಿಸಿದೆ. ಶಾಂತಾ ಕೇಳಿದಾಗಲೆಲ್ಲ, ಅವಸರವೇ ಅಪಘಾತಕ್ಕೆ ಕಾರಣ ಎಂದೆ. ಅಷ್ಟರಲ್ಲಿ ಆಪರೇಶನ್ನಿನ ದಿನವೇ ಬಂತು. ಮಧ್ಯಾಹ್ನ ಅತ್ತೆಯವರು ಎಡಗಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಆಟೋದಿಂದ ಇಳಿದು, ಕಾದ ಕಾವಲಿಯಂತಿದ್ದ ಆ ಕೋಣೆಯಲ್ಲಿ ಮಲಗಿದರು.

ಶಾಂತಾ ಬೀಸಣಿಗೆ ಹಿಡಿದು ತಾಯಿಯ ಪಕ್ಕ ಕೂತಳು. ‘ಭಾಳ ಶೆಕಿ ಆಗಾಕತ್ತೈತಿ’ ಎಂದರು ಅತ್ತೆ. ಆಮೇಲೆ ತಮ್ಮಷ್ಟಕ್ಕೇ, ‘ಇರ್ಲಿ ಬಿಡು, ಅಳಿಯಂದಿರು ಏನರ ವ್ಯವಸ್ಥಾ ಮಾಡ್ತಾರ’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ನಂಬಿಕೆ ಎದೆಗೆ ನಾಟಿತು, ನಾಚಿಕೆಯೂ ಆಯಿತು. ಇವತ್ತು ಸಂಜೆಯೇ ಗೂಡು ತೆಗೆಯುತ್ತೇನೆ ಎಂದು ಘೋಷಿಸಿದೆ. ಕತ್ತಲಾಗುವ ಹೊತ್ತಿಗೆ ಕಡಜಗಳೆಲ್ಲ ಗೂಡಿಗೆ ಮರಳಿ ಮಂಕಾಗಿರುತ್ತವೆ, ಸೋಪಿನ ನೀರು ಬಿದ್ದರೆ ಹಾರಲಾರವು ಎಂದು ನನ್ನ ಯೋಜನೆಯಲ್ಲಿತ್ತು.

ಕೆಲಸಕ್ಕೆ ಮೊದಲು ಪರ್ಮಿಟ್ ಬೇಡವೇ? ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ನೀಟಾಗಿ ಬರೆದೆ. ಒಂದು, ಕೂಲರಿನ ಪ್ಲಗ್ ಕೀಳಬೇಕು. ಎರಡು, ಕಿಟಕಿಯ ಸಂದಿಗಳಿಗೆಲ್ಲ ವೃತ್ತಪತ್ರಿಕೆ ಅಂಟಿಸಬೇಕು. ಮೂರು, ಕೆಲಸಗಾರನ ಮೈ ಪೂರ್ತಿ ಮುಚ್ಚಿರಬೇಕು. ನಾಲ್ಕು, ಒಳಗೆ ರೋಗಿ ಇರುವುದರಿಂದ, ಕೆಲಸ ಮುಗಿದ ಬಗ್ಗೆ ಸಹಿ ಆಗುವವರೆಗೆ ಬಾಲ್ಕನಿಯ ಬಾಗಿಲನ್ನು ಯಾರು ಕೇಳಿದರೂ, ಏನು ಹೇಳಿದರೂ ತೆರೆಯತಕ್ಕದ್ದಲ್ಲ. ನಾಲ್ಕನೆಯದರ ಕೆಳಗೆ ಎರಡು ಗೆರೆ ಎಳೆದೆ. ಶಾಂತಾ ಎರಡು ಸಲ ಓದಿ, ‘ಯಾರು ಕೇಳಿದ್ರೂ ಅಂದ್ರ, ನೀವು ಕೇಳಿದ್ರೂನೂ ಏನ್ರಿ?’ ಎಂದಳು. ನಿಯಮ ಎಲ್ಲರಿಗೂ ಒಂದೇ ಎಂದೆ. ಅವಳು ಮೇಲ್ವಿಚಾರಕಿ ಎಂಬಲ್ಲಿ ಸಹಿ ಹಾಕಿ ಕಾಗದವನ್ನು ತನ್ನ ಬಳಿಯೇ ಇಟ್ಟುಕೊಂಡಳು.

ಮಳೆಯ ಕೋಟು, ಸ್ಕೂಟರಿನ ಹೆಲ್ಮೆಟ್ಟು, ಕುತ್ತಿಗೆಗೆ ಶಾಂತಾಳ ಹಳೆಯ ಸೀರೆ, ಕೈಗಳಿಗೆ ದಪ್ಪ ಕಾಲುಚೀಲ. ಆಯುಧ ಎಂದರೆ ಹೋಳಿಯಲ್ಲಿ ಬಣ್ಣ ಎರಚಿ ಉಳಿದ ಹಿತ್ತಾಳೆ ಪಿಚಕಾರಿ, ಬಕೆಟ್ ತುಂಬ ಸೋಪಿನ ನೀರು. ನಾನು ಬಾಲ್ಕನಿಗೆ ಹೋಗುತ್ತಲೇ ಹಿಂದೆ ಚಿಲಕ ಬಿತ್ತು. ಕೆಳಗೆ ಅಂಗಳದಲ್ಲಿ ಪಾಷಾ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೂಲರಿನ ಹಿಂದಿನ ಬಾಗಿಲನ್ನು ಮೆಲ್ಲಗೆ ತೆಗೆದೆ. ಕಡಜಗಳು ನಿಜಕ್ಕೂ ಮಂಕಾಗಿ ಕೂತಿದ್ದವು. ಎಲ್ಲವೂ ಯೋಜನೆಯಂತೆಯೇ ಇತ್ತು. ಆದರೆ ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರಿಗೆ ಕನ್ನಡಕ ಮಸುಕಾಗುತ್ತದೆ ಎಂಬುದು ಯೋಜನೆಯಲ್ಲಿರಲಿಲ್ಲ. ಕಣ್ಣು ಕಾಣಲಿ ಎಂದು ಹೆಲ್ಮೆಟ್ಟಿನ ಗಾಜನ್ನು ಒಂದೇ ಒಂದು ಬೆರಳಿನಷ್ಟು ಎತ್ತಿ ಪಿಚಕಾರಿ ಒತ್ತಿದೆ. ಗುರಿ ತಪ್ಪಲಿಲ್ಲ. ಗೂಡು ಕಳಚಿ ತೊಟ್ಟಿಯೊಳಗೆ ಬಿತ್ತು, ಅದರ ಮೇಲೆ ಬಕೆಟ್ಟನ್ನೇ ಬೋರಲು ಹಾಕಿದೆ. ತೊಯ್ದವು ತೊಯ್ದವು. ತೊಯ್ಯದ ನಾಲ್ಕೈದು ಮಾತ್ರ ನನ್ನ ಸುತ್ತ ಹಾರಿದವು, ಅವುಗಳಲ್ಲಿ ಒಂದು ಆ ಬೆರಳಿನಷ್ಟು ಸಂದಿಯನ್ನು ಹುಡುಕಿಕೊಂಡು ನನ್ನ ಜೊತೆ ಸಂಸಾರಕ್ಕೆ ಬಂತು.

ಕಿವಿಯ ಪಕ್ಕ ಕಡಜ ಗುಂಯ್‌ಗುಡುವಾಗ ಮನುಷ್ಯನಿಗೆ ಯಾವ ನಿಯಮವೂ ನೆನಪಿಗೆ ಬರುವುದಿಲ್ಲ. ಹೆಲ್ಮೆಟ್ ತೆಗೆದರೆ ಹೊರಗಿನವು ಬರುತ್ತವೆ, ತೆಗೆಯದಿದ್ದರೆ ಒಳಗಿನದು ಹೋಗುವುದಿಲ್ಲ. ಓಡಿಹೋಗಿ ಬಾಗಿಲು ಬಡಿದೆ.

‘ಶಾಂತಾ, ಬಾಗಲಾ ತಗಿ.’

‘ಕೆಲಸ ಮುಗೀತೇನ್ರಿ?’

‘ಮುಗೀತು, ತಗಿ ಮೊದಲ.’

‘ಹಂಗಾರ ಸಹಿ ಮಾಡ್ರಿ’ ಎಂಬ ಮಾತಿನ ಜೊತೆಗೆ ಬಾಗಿಲ ಕೆಳಗಿನ ಸಂದಿಯಿಂದ ಕ್ಯಾಲೆಂಡರಿನ ಹಾಳೆ ಹೊರಬಂತು, ಅದರ ಹಿಂದೆ ಉರುಳಿಕೊಂಡು ಒಂದು ಬಾಲ್‌ಪೆನ್ನು. ಒಳಗೆ ಅತ್ತೆಯವರು, ಅಳಿಯಂದಿರು ಯಾರ ಕೂಡ ಜಗಳ ಆಡುತ್ತಿದ್ದಾರೆ ಎಂದು ಕೇಳಿದ್ದೂ, ಜಗಳವಲ್ಲ, ಆಫೀಸಿನ ಕೆಲಸ ಎಂದು ಮಗಳು ಸಮಾಧಾನ ಹೇಳಿದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾಲುಚೀಲ ಕಿತ್ತೊಗೆದು, ನೆಲದ ಮೇಲೆ ಮೊಣಕಾಲೂರಿ ಸಹಿ ಗೀಚಿದೆ. ಅಷ್ಟರಲ್ಲಿ ಬರಿಗೈಗೆ ಹೊರಗಿನದೊಂದು, ಕೆನ್ನೆಗೆ ಒಳಗಿನದು ಚುಚ್ಚಿದವು. ಹಾಳೆಯನ್ನು ಒಳಗೆ ತಳ್ಳಿದೆ. ಚಿಲಕದ ಸದ್ದು ಬರಲಿಲ್ಲ. ಅವಳು ಓದುತ್ತಿದ್ದಳು.

‘ತಾರೀಖು ಹಾಕಿಲ್ಲಲ್ರಿ’ ಎಂದು ಹಾಳೆ ತಿರುಗಿ ಬಂತು.

ಎರಡು ಅಂಕಿ ಬರೆಯುವುದು ಎಷ್ಟು ದೊಡ್ಡ ಕೆಲಸವೆಂದು ಎಣ್ಣೆ ಮೆತ್ತಿದ ಕೈಗಳವರು ನನಗೆ ಯಾಕೆ ಹೇಳಲಿಲ್ಲವೋ. ತಾರೀಖು ಹಾಕುವಾಗ ಹೆಲ್ಮೆಟ್ಟಿನೊಳಗಿನದು ಹುಬ್ಬಿನ ಮೇಲೆ ತನ್ನ ಸಹಿಯನ್ನೂ ಹಾಕಿತು. ಕೆಳಗಿನಿಂದ ಪಾಷಾ ಸಾಹೇಬರು ಕಬ್ಬಿಣದ ಬೀಗದಕೈ ತಿಕ್ಕಿರಿ, ಉರಿ ಕಡಿಮೆಯಾಗುತ್ತದೆ ಎಂದು ಕೂಗಿ ಹೇಳಿದರು. ಬಾಗಿಲು ತೆಗೆದ ಶಾಂತಾ, ಚಟ್ಟನೆ ನನ್ನನ್ನು ಒಳಗೆಳೆದು, ಹಿಂದೆ ಹಾರಿಬಂದ ಒಂದೇ ಒಂದು ಕಡಜವನ್ನು ಬೀಸಣಿಗೆಯಿಂದ ಹೊಡೆದು ಕೆಡವಿದಳು. ಅಷ್ಟು ಸುಲಭದ ಕೆಲಸ ಅದು ಎಂದು ನಾನು ಅಂದುಕೊಂಡಿರಲಿಲ್ಲ.

ಹೆಲ್ಮೆಟ್ ಬಿಚ್ಚಿ, ಒಳಗಿದ್ದದ್ದನ್ನೂ ಬೀಸಣಿಗೆಗೇ ಒಪ್ಪಿಸಿ, ಸುಣ್ಣ ಹಚ್ಚುವಾಗ ಅವಳ ಕೈ ಮೆತ್ತಗಿತ್ತು, ಕಣ್ಣಲ್ಲಿ ನೀರೂ ಇತ್ತು. ಅದು ನಗು ತಡೆದು ಬಂದ ನೀರೋ ಬೇರೆಯದೋ ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟು ಕೂಗಿದರೂ ತೆಗೆಯಬಾರದಿತ್ತೇ ಎಂದೆ. ‘ನಿಯಮ ಅಂದ್ರ ನಿಯಮ ಅಂತ ಗೇಟಿನಾಗ ನೀವ ಹೇಳಿದ್ರಲ್ರಿ’ ಎಂದಳು. ಅವಳು ಹೊರಗೆ ನಿಂತ ಆ ತಾಸು ನನಗೆ ಆಗ ಅರ್ಥವಾಯಿತು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ. ಕೆನ್ನೆಯ ಜೊತೆ ತುಟಿಯೂ ಊದಿದ್ದರಿಂದ ಅವಳಿಗೆ ಎಷ್ಟು ಕೇಳಿಸಿತೋ ತಿಳಿಯದು. ಕೂಲರು ತೊಳೆದು ನೀರು ತುಂಬಿ ಹಚ್ಚಿದಾಗ ಒದ್ದೆ ಹುಲ್ಲಿನ ವಾಸನೆಯ ತಂಪು ಗಾಳಿ ಬೀಸಿತು, ಅತ್ತೆಯವರು ಅಳಿಯನನ್ನು ಹರಸುತ್ತ ನಿದ್ದೆ ಹೋದರು.

ಮರುದಿನ ಬೆಳಿಗ್ಗೆ ತಾಯಿ ಮಗಳಿಬ್ಬರೂ ಡಾಕ್ಟರ ಬಳಿ ಹೋದರು. ನಾನು ರಜೆ ಹಾಕಿ ಮನೆಯಲ್ಲೇ ಕೂತೆ. ನನ್ನ ಒಂದು ಕಣ್ಣು ಮುಚ್ಚಿಹೋಗಿತ್ತು, ಕೆನ್ನೆ ಹಬ್ಬದ ಹೋಳಿಗೆಯಂತೆ ಉಬ್ಬಿತ್ತು, ಮುಖದ ತುಂಬ ಸುಣ್ಣದ ಬೊಟ್ಟು. ಕಣ್ಣಿನ ಬಟ್ಟೆ ಬಿಚ್ಚಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಬಂದ ಅತ್ತೆಯವರ ಸಂಭ್ರಮ ಹೇಳತೀರದು. ಒಳಗೆ ಬಂದವರೇ ಕನ್ನಡಕ ತೆಗೆದು, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿದರು, ಶಾಂತಾಳ ಕೊರಳಿನ ಮಚ್ಚೆ ಗುರುತಿಸಿದರು, ಕಿಟಕಿಯಾಚೆಯ ಬೇವಿನ ಎಲೆ ಒಂದೊಂದೂ ಬೇರೆ ಕಾಣುತ್ತದೆ ಎಂದರು. ಆಮೇಲೆ ಅಳಿಯಂದಿರೆಲ್ಲಿ ಎಂದು ನನ್ನ ಕಡೆ ತಿರುಗಿದರು.

ಬಹಳ ಹೊತ್ತು ನೋಡಿದರು. ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಹೊಸ ಕಣ್ಣಿನಿಂದ ನೋಡಿದರು. ಹೊಸ ಕಣ್ಣನ್ನು ಮುಚ್ಚಿಕೊಂಡು ಪೊರೆಯ ಕಣ್ಣಿನಿಂದ ನೋಡಿದರು. ಕಡೆಗೆ ಮಗಳನ್ನು ಹತ್ತಿರ ಕರೆದು, ಪಿಸುಮಾತೆಂದು ತಿಳಿದು ಕೋಣೆಗೆಲ್ಲ ಕೇಳುವಂತೆ ಹೇಳಿದರು: ‘ಹಳೀ ಕಣ್ಣಾಗ ಅಳಿಯಂದಿರು ಚೊಲೋ ಕಾಣ್ತಾರವಾ. ಇದೊಂದು ಕಣ್ಣಿಗೆ ಆಪರೇಶನ್ ಬ್ಯಾಡ.’

ಇನ್ನೊಂದು ಕಣ್ಣಿಗೆ ಅವರು ಒಪ್ಪಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ನಾನು ಅವರ ಜೊತೆ ಮಾತಾಡುವಾಗ ಕುರ್ಚಿ ಎಳೆದುಕೊಂಡು ಅವರ ಬಲಗಡೆಗೇ ಕೂರುತ್ತಿದ್ದೆ.