ಉದ್ದ ಹಲಗೆಗೂ ಅಗಲ ಹಲಗೆಗೂ ಆದ ಘೋರ ಸಂಗ್ರಾಮ

ದೋಣಿಗಳಿಗೆ ಯಂತ್ರ ಬಂದು, ಕೂತಲ್ಲಿಂದ ಏಳದೆ ಕಡಲು ದಾಟುವ ಭಾಗ್ಯ ಒದಗಿದ ಮೇಲೆ, ಅದೇ ಮನುಷ್ಯ ಬೇಕೆಂದೇ ಒಂದು ಹಲಗೆಯ ಮೇಲೆ ಎದ್ದು ನಿಂತು, ಒಂದೇ ಒಂದು ಹುಟ್ಟು ಹಿಡಿದು, ಬೆವರಿಳಿಸಿಕೊಂಡು ನೀರಿನ ಮೇಲೆ ಸಾಗಿ, ಅದಕ್ಕೆ ವಿಹಾರವೆಂದು ಹೆಸರಿಟ್ಟ ಆ ವಿಚಿತ್ರ ಯುಗವನ್ನು ಮೊದಲು ಸ್ಮರಿಸುತ್ತೇನೆ. ತರುವಾಯ, ಐದು ನದಿಗಳ ಸಿಹಿಯನ್ನು ಒಟ್ಟುಗೂಡಿಸಿ ಒಂದೇ ಕಡಲಿನ ಉಪ್ಪಿಗೆ ಒಪ್ಪಿಸುವ ತ್ಯಾಗಮಯಿ ಪಂಚಗಂಗಾವಳಿಯನ್ನು ವಂದಿಸುತ್ತೇನೆ. ಕಡೆಗೆ, ಅವಳ ದಡದಲ್ಲಿ, ಗಂಗೊಳ್ಳಿಯ ಬಳಿ, ಮಟಮಟ ಮಧ್ಯಾಹ್ನ ಊಟ ಬಿಟ್ಟು ಸೆಣಸಿದ ಆ ಭಾವ ಭಾವಂದಿರಿಬ್ಬರನ್ನು ಕೊಂಡಾಡುತ್ತೇನೆ. ಅವರಿಂದಾಗಿ ನನ್ನ ಊಟವೂ ತಪ್ಪಿತು, ಆ ಸಿಟ್ಟು ನನಗೆ ಇನ್ನೂ ಇದೆ.

ಮೊದಲನೆಯವನು ಬಚ್ಚಯ್ಯ ಮೆಂಡನ್. ಝಂಝಾವಾತವಿಜೃಂಭಿತಸಾಗರತರಂಗಭೀತಿರಹಿತನಾದ ಮೀನುಗಾರಿಕಾ ಬೋಟು ನಡೆಸುವ ತಂಡೇಲ. ಅವನ ಆಯುಧ ಹದಿನಾಲ್ಕು ಅಡಿ ಉದ್ದದ, ತೆಳು ಸೊಂಟದ, ಮೊನಚು ಮೂತಿಯ ರೇಸ್ ಬೋರ್ಡ್. ಎರಡನೆಯವನು ಅವನ ತಂಗಿ ಗುಲಾಬಿಯ ಗಂಡ ಹೆರಿಯಣ್ಣ ಕುಂದರ್. ಪ್ರವಾಸಿಗಳಿಗೆ ಹಲಗೆ ಬಾಡಿಗೆಗೆ ಕೊಡುವ, ಬಿದ್ದವರನ್ನು ಎತ್ತುವ, ಎತ್ತುವಾಗಲೂ ಉಪದೇಶ ನಿಲ್ಲಿಸದ ಶಾಂತಸ್ವಭಾವಿ. ಅವನ ಆಯುಧ ಸ್ವಲ್ಪ ಗಿಡ್ಡ, ಸ್ವಲ್ಪ ಅಗಲ, ಆದರೂ ಅದು ರೇಸ್ ಬೋರ್ಡೇ ಎಂದು ಅವನು ಕೇಳದವರಿಗೂ ಹೇಳುತ್ತಿದ್ದನು.

ಸಮರಕ್ಕೆ ಕಾರಣಳಾದವಳು ಹೆರಿಯಣ್ಣನ ಮಗಳು ಪ್ರತೀಕ್ಷಾ. ಮರುದಿನ ಬೆಳಿಗ್ಗೆ ಪಕ್ಕದ ಊರಿನ ಹಿನ್ನೀರಿನಲ್ಲಿ ಅವಳ ಮೊದಲ ದೊಡ್ಡ ಸ್ಪರ್ಧೆ. ಟೆಂಪೊದ ಮೇಲೆ ಒಂದೇ ಹಲಗೆಗೆ ಜಾಗ. ಯಾರ ಹಲಗೆಯೋ ಅವನೇ ನಾಳೆ ದಡದಲ್ಲಿ ಎದೆಯುಬ್ಬಿಸಿ 'ಇವಳನ್ನು ತಯಾರು ಮಾಡಿದವನು ನಾನು' ಎಂದು ನಿಲ್ಲುವವನು. ಇಬ್ಬರಿಗೂ ಬೇಕಿದ್ದುದು ಆ ನಿಲುವು.

ಆಗ ಬಚ್ಚಯ್ಯನು ಹುಟ್ಟನ್ನು ಮರಳಿನಲ್ಲಿ ನೆಟ್ಟು, ದಿಗ್ದಂತಿಗಳ ಕಿವಿ ನೆಟ್ಟಗಾಗುವಂತೆ ಗರ್ಜಿಸಿದನು:

"ಹ್ವಾಯ್ ಭಾವ, ನನ್ ಹಲ್ಗಿ ನೀರ್ ಸೀಳ್ಕಂಡ್ ಹೋತ್ತ್. ನಿಮ್ದ್ ನೀರ್ ಹತ್ರ ಅಪ್ಪಣಿ ಕೇಣ್ಕಂಡ್ ಹೋತ್ತ್. ಹೆಣ್ ನಮ್ ಬಳಿಯದ್ದ್. ಹಲ್ಗಿಯೂ ನಂದೇ ಆಯ್ಕ್."

ಇದು ಸಣ್ಣ ಬಾಣವಲ್ಲ. ಅವರ ಸಮುದಾಯದಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು. ಪ್ರತೀಕ್ಷಾ ಕುಂದರ್ ಅಲ್ಲ, ಮೆಂಡನ್. ಸೋದರಮಾವನ ಮಾತಿಗೆ ಅಪ್ಪನ ಮಾತಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ಅದನ್ನು ಅಲ್ಲಗಳೆಯಲಾಗದ ಹೆರಿಯಣ್ಣ ಪ್ರತ್ಯಸ್ತ್ರ ಹೂಡಿದನು:

"ಸೀಳ್ಕಂಡ್ ಹೋತ್ತ್, ಸೈ. ತಿರ್ಗ್ಸುಕೆ? ಗಂಗೊಳ್ಳಿಯಗೆ ತಿರ್ಗುಕೆ ಸುರು ಮಾಡಿರೆ ಮರವಂತಿಯಗೆ ಮುಗಿತ್ತ್! ಬಳಿ ನಿಮ್ದಾರೆ ಆಯ್ಲಿ. ಈಜ್ ಕಲ್ಸದ್ದ್ ಯಾರ್?"

ಹೀಗೆ ಮೊದಲ ಯುದ್ಧ. ದೋಣಿ ಕಟ್ಟುವ ಜೆಟ್ಟಿಯಿಂದ ಹೊರಟು, ಹೊಳೆಯ ನಡುವೆ ಗುರುತಿಗೆ ತೇಲಬಿಟ್ಟ ಕೆಂಪು ಬೆಂಡನ್ನು ಸುತ್ತಿ ಮರಳಬೇಕು. ಉದ್ದ ಹಲಗೆ ಹೊರಟದ್ದು ಕಂಡಿತು, ಮರುಕ್ಷಣ ಬೆಂಡು ತಲುಪಿದ್ದು ಕಂಡಿತು. ಅಗಲ ಹಲಗೆ ಮೂಗಿನಿಂದ ನೀರು ತಳ್ಳುತ್ತ ಹಿಂದೆ ಬಂತು. ಆದರೆ ಬೆಂಡಿನ ಬಳಿ ಬಚ್ಚಯ್ಯ ತಿರುಗಿಸಲು ಹಿಂದಕ್ಕೆ ಕಾಲಿಟ್ಟನು, ಮೂತಿ ಮೇಲೆದ್ದಿತು, ಹಲಗೆ ಓಲಾಡಿತು, ಪ್ರಚಂಡಪರಾಕ್ರಮಿಯು ಬುಡುಕ್ಕೆಂದು ನೀರಿಗೆ ಬಿದ್ದನು. ಹೆರಿಯಣ್ಣ ಒಳಸುತ್ತಿನಲ್ಲಿ ಹಾಯಾಗಿ ತಿರುಗಿದನು. ಅಷ್ಟಾದರೂ, ಬಿದ್ದವನು ಎದ್ದು ಬೆನ್ನಟ್ಟಿ ಬಂದದ್ದರಿಂದ, ಇಬ್ಬರೂ ಜೆಟ್ಟಿಗೆ ಒಟ್ಟಿಗೇ ಮುಟ್ಟಿದರು.

"ಬಿದ್ದದ್ದ್ ನಾನ್, ಹಲ್ಗಿ ಅಲ್ಲ," ಎಂದನು ಬಚ್ಚಯ್ಯ.

"ನಿಧಾನ ಇದ್ದದ್ದ್ ನಾನ್, ಹಲ್ಗಿ ಅಲ್ಲ," ಎಂದನು ಹೆರಿಯಣ್ಣ.

ಅಲ್ಲಿಗೆ, ಹಲಗೆಯ ಗುಣವನ್ನೂ ಆಳಿನ ಗುಣವನ್ನೂ ಬೇರೆ ಮಾಡುವ ಶಾಸ್ತ್ರೋಕ್ತ ಉಪಾಯವೊಂದು ಹೊಳೆಯಿತು. ಹಲಗೆ ಅದಲು ಬದಲು ಮಾಡಿಕೊಳ್ಳುವುದು! ಇಬ್ಬರೂ ಮೆಚ್ಚಿ ತಲೆಯಾಡಿಸಿದರು, ಒಬ್ಬರ ಹಲಗೆಯನ್ನು ಇನ್ನೊಬ್ಬರು ಏರಿದರು, ದಡದಲ್ಲಿ ನಿಂತಿದ್ದ ಗುಲಾಬಿ "ಹೊರಡಿ" ಎಂದು ಕೂಗಿದಳು.

ಯಾರೂ ಹೊರಡಲಿಲ್ಲ.

ಯಾಕೆಂದರೆ ಆ ಕ್ಷಣದಲ್ಲಿ ಇಬ್ಬರ ತಲೆಗೂ ಒಂದೇ ಸತ್ಯ ಹೊಕ್ಕಿತು. ಭಾವನ ಹಲಗೆಯ ಮೇಲೆ ನಿಂತು ತಾನು ಗೆದ್ದರೆ ಭಾವನ ಹಲಗೆಯೇ ಶ್ರೇಷ್ಠವೆಂದಾಗುತ್ತದೆ. ತನ್ನ ಹಲಗೆ ಗೆಲ್ಲಬೇಕಾದರೆ ತಾನು ಸೋಲಬೇಕು! ಆಗ ಆರಂಭವಾಯಿತು ನೋಡಿ, ಭೂಮಂಡಲವು ಕಂಡರಿಯದ ಹಿಂದುಳಿಯುವ ಸಮರ. ಹೆರಿಯಣ್ಣ ಹುಟ್ಟನ್ನು ಪಾಯಸ ಕದಡುವ ಸೌಟಿನಂತೆ ಆಡಿಸಿದನು. ಬಚ್ಚಯ್ಯ ಅದನ್ನೂ ಮಾಡದೆ ಆಕಾಶದ ಹದ್ದನ್ನು ನೋಡುತ್ತ ನಿಂತನು. ಒಬ್ಬನು ಒಂದಂಗುಲ ಮುಂದಾದರೆ ಗಾಬರಿಯಿಂದ ಎರಡಂಗುಲ ಹಿಂದೆ ಸರಿದನು. ಬೆವರು ಮಾತ್ರ ಇಬ್ಬರಿಗೂ ಗೆಲ್ಲುವವರಷ್ಟೇ ಸುರಿಯಿತು. ಮಳಿ, ಅಂದರೆ ಕಪ್ಪೆಚಿಪ್ಪು, ಹೆಕ್ಕುವ ಮುದುಕಿಯೊಬ್ಬಳು ಮೊಣಕಾಲು ನೀರಿನಲ್ಲಿ ನಡೆಯುತ್ತ ಅವರನ್ನು ಹಿಂದೆ ಹಾಕಿ, "ಎಂತ ಕಳ್ಕಂಡ್ರ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಹೊಳೆ ಕಾಯುವುದಿಲ್ಲ. ಇಳಿತ ಬಂತು. ನೀರು ಸದ್ದಿಲ್ಲದೆ ಕಡಲ ಕಡೆ ಜಾರಿತು, ಹಲಗೆಗಳೆರಡೂ ಕೆಸರಿನಲ್ಲಿ ಕೂತವು, ವೀರರಿಬ್ಬರೂ ಹುಟ್ಟು ಹಿಡಿದು ಅಲ್ಲೇ ನಿಂತಿದ್ದರು. ಯಾರು ಹೆಚ್ಚು ಹಿಂದೆ ಎಂಬ ತಕರಾರು ಆಗ ಎದ್ದಿತು.

ಪ್ರತೀಕ್ಷಾ ಕೆಸರಿಗಿಳಿದು ಬಂದಳು. ಮಾವನನ್ನೂ ಅಪ್ಪನನ್ನೂ ಕೆಳಗಿಳಿಸಿ, ಉದ್ದ ಹಲಗೆಯನ್ನು ಆಳದ ನೀರಿಗೆ ಎಳೆದೊಯ್ದು, ಬೆಂಡು ಸುತ್ತಿ ಬಂದಳು. ಅಗಲದ್ದನ್ನೂ ಹಾಗೆಯೇ ಸುತ್ತಿಸಿ ತಂದಳು. ಅಷ್ಟು ಹೊತ್ತೂ ಅವಳನ್ನು ಹಲಗೆ ಹತ್ತಿಸಿ ನೋಡಬಹುದೆಂದು ಆ ಮಹಾರಥಿಗಳಿಗೆ ಹೊಳೆದೇ ಇರಲಿಲ್ಲ.

"ನೆಟ್ಗೆ ಹೋಪುಕೆ ಮಾವಂದ್ ಲಾಯ್ಕ್. ತಿರ್ಗ್ಸುಕೆ ಅಪ್ಪಂದ್. ನಾಳೆ ತಿರ್ಗ್ಸುದೇ ಜಾಸ್ತಿ. ಅಪ್ಪಂದ್ ತಕಂಡ್ ಹೋತೆ."

ಹೆರಿಯಣ್ಣನ ಎದೆ ಉಬ್ಬಿತು. ಬಚ್ಚಯ್ಯನ ಮುಖ ಬಾಡಿತು.

"ಆರೆ ನೀವಿಬ್ರೂ ಬಪ್ಪುದ್ ಬ್ಯಾಡ," ಎಂದಳು ಅವಳು. "ದಡದಗೆ ನಿಂತ್ಕಂಡ್ ಹಿಂಗೇ ಜಗಳ ಮಾಡ್ತ್ರಿ. ನಂಗೆ ಹುಟ್ಟ್ ಹಾಕುಕೆ ಆತಿಲ್ಲೆ. ಅಮ್ಮ ಒಬ್ಳೇ ಬರ್ಲಿ."

ಹೆರಿಯಣ್ಣನಿಗೆ ನೋವಾಯಿತು. ಬಚ್ಚಯ್ಯನಿಗೂ ಆಯಿತು. ಬಳಿಯ ಹಕ್ಕನ್ನಾಗಲಿ ಈಜು ಕಲಿಸಿದ ಹಕ್ಕನ್ನಾಗಲಿ ಯಾರೂ ಎತ್ತಲಿಲ್ಲ. ಇಬ್ಬರೂ ಕೂತು ಅಗಲ ಹಲಗೆಯ ಕೆಸರು ತೊಳೆದರು.

ಮರುದಿನ ನಸುಕಿನಲ್ಲಿ ಹಲಗೆಯನ್ನೂ ತಾಯಿಮಗಳನ್ನೂ ಹೊತ್ತು ಟೆಂಪೊ ಹೋಯಿತು. ತ್ರಿಭುವನವಿಖ್ಯಾತರೂ ಅಪ್ರತಿಹತಪರಾಕ್ರಮಿಗಳೂ ಆದ ಆ ಭಾವ ಭಾವಂದಿರು ಗುಲಾಬಿಯಿಲ್ಲದ ಅಡುಗೆಮನೆಗೆ ಬಂದು, ಗಂಜಿ ಬಡಿಸಿಕೊಂಡು ಎದುರುಬದುರು ಕೂತರು. ಉಪ್ಪಿನಕಾಯಿ ಭರಣಿ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ.